ಡೀಕನ್ ಪಿಕೆಟ್ ಬಿಟ್ಟುಹೋದ ಕೆಲಸ

ಗ್ರೀನ್‌ವಿಲ್, ಮಿಸಿಸಿಪಿ
ಮಾರ್ಚ್ 3, ಭಾನುವಾರ

ಪ್ರೀತಿಯ ಅಮ್ಮ,

ಮೊದಲು ಕ್ಷಮಿಸಿಬಿಡು, ಈ ಪತ್ರ ಬರೆಯುತ್ತಿರುವುದಕ್ಕೇ. ಬರೆಯಕೂಡದು ಅಂತ ಅಜ್ಜಿ ಖಡಾಖಂಡಿತವಾಗಿ ಹೇಳಿದ್ದಾಳೆ. "ಅವಳಿಗೆ ಹೊಳೆ ಮೇಲೆ ನೆಮ್ಮದಿಯಾಗಿದೆ, ನೀನು ಕರ್ದು ಕೆಡಿಸ್ಬೇಡ" ಅಂದಳು. ನಾನು ಆಯ್ತು ಅಂದೆ. ಆಯ್ತು ಅಂದು, ಊಟ ಮಾಡಿ, ಪಾತ್ರೆ ತೊಳೆದು, ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಬರೆಯೋಕೆ ಕೂತಿದ್ದೇನೆ. ಫೋನ್ ಮಾಡಬಹುದಿತ್ತು, ನಿಜ. ಫೋನಿನಲ್ಲಾದರೆ ನೀನು ನಗಿಸಿ ನಗಿಸಿ ಮಾತು ಹಾರಿಸುತ್ತೀಯ, ಅಷ್ಟರಲ್ಲಿ ಸರಕಿನ ದೋಣಿಗಳನ್ನು ತಳ್ಳುವ ನಿಮ್ಮ ಟೋಬೋಟು ಹೊಳೆಯ ಯಾವುದೋ ತಿರುವು ದಾಟುತ್ತದೆ, ಸಿಗ್ನಲ್ ಹೋಗುತ್ತದೆ. ಕಾಗದವಾದರೆ ದೋಣಿಯ ನಿನ್ನ ಅಡುಗೆಮನೆಯಲ್ಲಿ ಸ್ಟೂಲ್ ಎಳೆದುಕೊಂಡು ಕೊನೆಯವರೆಗೆ ಓದಲೇಬೇಕು.

ವಿಷಯ ಇದು: ಗ್ರಾಂಟ್ ಬಂತು ಅಮ್ಮ! ನಮ್ಮ ಸಿಕಮೋರ್ ಬೀದಿಯ ಸಂಘಕ್ಕೇ ಬಂತು. ಅಟ್ಲಾಂಟಾದಲ್ಲಿ ಒಂದು ನಿಧಿ ಇದೆಯಲ್ಲ, ನಮ್ಮ ಕಪ್ಪು ಜನರೇ ಕಟ್ಟಿ ನಮ್ಮವರೇ ನಡೆಸುವ ಸಣ್ಣ ಸಂಘಗಳಿಗೆ ಹಣ ಕೊಡುವಂಥದ್ದು, ಅವರು ಮೂರು ವರ್ಷಕ್ಕೆ ಒಪ್ಪಿದ್ದಾರೆ. ಒಂದೇ ಷರತ್ತು. ಬೀದಿಯ ಕೆಲಸಕ್ಕೆ ಪೂರ್ತಿ ಹೊತ್ತಿನ ಒಬ್ಬರು ಬೇಕು, ಸಂಬಳ ಅವರೇ ಕೊಡುತ್ತಾರೆ. ಆ ಒಬ್ಬರ ಹೆಸರು ಈ ತಿಂಗಳ ಕೊನೆಯೊಳಗೆ ಅಟ್ಲಾಂಟಾ ತಲುಪಬೇಕು. ಇಲ್ಲದಿದ್ದರೆ ಹಣ ಬೇರೆ ಊರಿಗೆ ಹೋಗುತ್ತದೆ. ಚರ್ಚಿನ ಊಟದ ಹಾಲ್‌ನಲ್ಲಿ ಯಾರೋ ನಿನ್ನ ಹೆಸರು ಹೇಳಿದರು. ಎಲ್ಲರೂ ಹೌದು ಹೌದು ಅಂದರು. ನೀನು ಹೊಳೆ ಬಿಟ್ಟು ಮನೆಗೆ ಬರುತ್ತೀಯಾ?

ಅಷ್ಟೇ ನನ್ನ ಪ್ರಶ್ನೆ. ಇಲ್ಲಿಗೇ ಮುಗಿಸಬಹುದು. ಆದರೆ ಏನು ಕೇಳಿದರೂ "ಮೊದಲು ನಡೆದದ್ದು ಹೇಳು" ಅನ್ನುವವಳು ನೀನು. ಹೇಳುತ್ತೇನೆ. ನಗಬೇಡ. ಸರಿ, ನಗು.

ಅಪ್ಲಿಕೇಶನ್ ಬರೆದದ್ದು ನಾನು. ಅಕ್ಟೋಬರಿನಲ್ಲಿ ಅಜ್ಜಿ ಕಾಲೇಜಿಗೆ ಫೋನ್ ಮಾಡಿ, "ಸಣ್ಣವಳಿದ್ದಾಗಿಂದ ಹಾಸ್ಟೆಲ್‌ನಲ್ಲಿ ಓದಿದ್ದೀಯ, ಟಿವಿ ವಾರ್ತೆ ಓದೋರ ತರ ಮಾತಾಡ್ತೀಯ, ಇನ್ಯಾತಕ್ಕೆ ಬರುತ್ತೆ ಆ ವಿದ್ಯೆ? ಬರಿ" ಅಂದಳು. ಬರೆದೆ. ಲೈಬ್ರರಿಯಲ್ಲಿ ಕೂತು, ಉಗುರು ಕಚ್ಚಿಕೊಂಡು, "ಸಾಮುದಾಯಿಕ ಸಾಮರ್ಥ್ಯ ಸಂವರ್ಧನೆ" ಅಂತೆಲ್ಲ ಬರೆದೆ. ಅದನ್ನು ಸಂಘದ ಮುಂದೆ ಓದಿದಾಗ ಕ್ಷೌರದಂಗಡಿಯ ಮಿಸ್ಟರ್ ಕ್ಲೀಟಸ್ ಗಲ್ಲ ತುರಿಸಿಕೊಂಡು, "ಭಾಳ ಚೆನ್ನಾಗಿದೆ ಕಣಮ್ಮ. ಎಲ್ಲಿದೆ ಈ ಬೀದಿ? ನಾವೂ ಹೋಗಿ ಅಲ್ಲೇ ಬಾಡಿಗೆಗಿರೋಣ" ಅಂದರು. ನನಗೆ ನೆಲ ಬಿರಿದು ಒಳಗೆ ಹೋಗಬೇಕು ಅನ್ನಿಸಿತು.

ಅಜ್ಜಿಗೆ ಗ್ರಾಂಟಿನ ಮೇಲೆ ನಂಬಿಕೆಯೇ ಇರಲಿಲ್ಲ, ನಿನಗೆ ಗೊತ್ತಲ್ಲ. ಯಾವಾಗಲೂ ಆಗಿದ್ದು ಒಂದೇ. ಎಲ್ಲಿಂದಲೋ ದೊಡ್ಡ ಸಂಸ್ಥೆಯವರು ಬರುತ್ತಾರೆ, ನಮ್ಮ ಚರಂಡಿಯ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ, ನಮ್ಮ ಹೆಸರಲ್ಲಿ ಹಣ ತರುತ್ತಾರೆ, ಅವರ ಆಫೀಸಿಗೆ ಹೊಸ ಕುರ್ಚಿಗಳು ಬರುತ್ತವೆ. "ನಮಗೆ ಸಿಕ್ಕಿದ್ದೇನು? ಟೀ ಶರ್ಟು. ಅದೂ ಸ್ಮಾಲ್ ಸೈಜು" ಅನ್ನುತ್ತಾಳೆ ಅಜ್ಜಿ, ಎರಡೂ ಕೈಯಿಂದ ಸೊಂಟ ತೋರಿಸಿಕೊಂಡು.

ಆದರೂ ಈ ನಿಧಿಯವರು ಬಂದು ನೋಡುತ್ತೇವೆ ಅಂದರು. ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ, ಚರ್ಚಿನ ಹಾಲ್‌ಗೆ, ಮಿಸ್ ಯೊಲಾಂಡಾ ಫೆರೆಬಿ ಅನ್ನುವವರು ಬರುವುದು ಅಂತ ನಿಗದಿಯಾಯಿತು. ಅದರ ಹಿಂದಿನ ಭಾನುವಾರವೇ ಡೀಕನ್ ಪಿಕೆಟ್ ತೀರಿಕೊಂಡರು. ಆ ಸುದ್ದಿ ಮಾತ್ರ ಅಜ್ಜಿ ನಿನಗೆ ಹೇಳಿದ್ದಾಳೆ. ಚರ್ಚಿನ ಸೇವೆಗೆ ನಿಂತ ಡೀಕನ್ನರಲ್ಲಿ ಅವರಿಗಿಂತ ಹಿರಿಯರಿರಲಿಲ್ಲ. ತೊಂಬತ್ತು ದಾಟಿದ ಜೀವ, ನಿದ್ದೆಯಲ್ಲೇ ಹೋಯಿತು. ಮಣ್ಣು ಯಾವತ್ತು? ಶನಿವಾರವೇ. ಬೇರೆ ದಿನ ನಮ್ಮವರು ಒಪ್ಪುತ್ತಾರಾ? ಊರೂರಿಂದ ನೆಂಟರು ಬರುವುದು ಶನಿವಾರಕ್ಕೇ.

ಮಿಸ್ ಫೆರೆಬಿಗೆ ಬೇರೆ ದಿನ ಕೊಡೋಣ ಅಂದೆ. "ಸಾವಿನ ಮನೆಗೆ ಬರೋರನ್ನ ಬರಬೇಡಿ ಅಂತ ಯಾರಾದ್ರೂ ಹೇಳ್ತಾರೇನೇ? ಬರ್ಲಿ. ಊಟ ಇದ್ದೇ ಇರುತ್ತೆ" ಅಂದಳು ಅಜ್ಜಿ. ನಾನು ಕದ್ದು ಈಮೇಲ್ ಹಾಕಿದೆ. ಉತ್ತರ ಬರಲಿಲ್ಲ. ಆಮೇಲೆ ಗೊತ್ತಾಯಿತು, ಆಯಮ್ಮ ಡೆಲ್ಟಾ ಸೀಮೆಯ ಹಳ್ಳಿಹಳ್ಳಿ ಸುತ್ತುತ್ತಿದ್ದರು, ಈಮೇಲ್ ನೋಡಿಯೇ ಇರಲಿಲ್ಲ.

ಶನಿವಾರ ನಾನು ಹಾಸ್ಟೆಲ್ ಶಾಲೆಯ ನೀಲಿ ಕೋಟು ಹಾಕಿಕೊಂಡು, ತೋಳು ಮೊಳಕೈಯವರೆಗೆ ಬಂದಿತ್ತು ಅನ್ನು, ಫೈಲ್ ಅಪ್ಪಿಕೊಂಡು ಚರ್ಚಿನ ಮುಂದಿನ ಗೇಟಿನಲ್ಲಿ ನಿಂತೆ. ಒಳಗೆ ಹಾಡು ಶುರುವಾಗಿತ್ತು. ಅಜ್ಜಿ ಜನರನ್ನು ಕೂರಿಸುವ ಹೆಂಗಸರ ಮುಖ್ಯಸ್ಥೆಯಲ್ಲವಾ, ಬಿಳಿ ಸಮವಸ್ತ್ರ, ಬಿಳಿ ಕೈಗವಸು. ಆ ಗವಸು ಎತ್ತಿದರೆ ಪಾದ್ರಿಯೂ ಕೂರುತ್ತಾನೆ.

ಇಡೀ ಚರ್ಚು ಒಬ್ಬರಿಗಾಗಿ ಕಾಯುತ್ತಿತ್ತು. ಡೀಕನ್ನರ ತಮ್ಮನ ಮಗಳು ಗ್ವೆಂಡೊಲಿನ್, ಶಿಕಾಗೋದವಳು. ಲಂಗ ಹಾಕುತ್ತಿದ್ದಾಗ ನೋಡಿದ್ದು, ಆಮೇಲೆ ಯಾರೂ ನೋಡಿಲ್ಲ. ಬಂದೇ ಬರುತ್ತೇನೆ ಅಂತ ಫೋನ್ ಮಾಡಿದ್ದಳಂತೆ. ಹೀಗಿರುವಾಗ ಪಕ್ಕದ ಬಾಗಿಲಿನಿಂದ ಕಪ್ಪು ಸೂಟು ಹಾಕಿದ, ಎತ್ತರದ, ಒಬ್ಬಂಟಿ ಹೆಂಗಸು, ಗಾಲಿಯ ಚೀಲ ಎಳೆದುಕೊಂಡು ಒಳಗೆ ಬಂದರೆ ನಮ್ಮವರು ಏನಂದುಕೊಳ್ಳಬೇಕು?

"ಶಿಕಾಗೋ ಬಂತು!" ಅಂತ ಯಾರೋ ಪಿಸುಗುಟ್ಟಿದರು. ಗವಸುಗಳು ಹಾರಿದವು. ಆಕೆ ಬಾಯಿ ತೆರೆಯುವ ಮೊದಲೇ ಒಬ್ಬರು ಚೀಲ ಕಿತ್ತುಕೊಂಡರು, ಒಬ್ಬರು ಬೀಸಣಿಗೆ ಕೊಟ್ಟರು, ಒಬ್ಬರು ಕರವಸ್ತ್ರ ತುರುಕಿದರು. ಮನೆಮಂದಿಯ ಮೊದಲ ಸಾಲಿನಲ್ಲಿ, ಡೀಕನ್ನರ ತಂಗಿ ಮಿಸ್ ಥಿಯೋಲಾ ಪಕ್ಕದಲ್ಲೇ ಕೂರಿಸಿಬಿಟ್ಟರು. ಮಿಸ್ ಥಿಯೋಲಾಗೆ ಪೊರೆ ಬಂದು ಕಣ್ಣು ಮಂಜಲ್ಲವಾ, ಕೈಯಿಂದ ಮುಖ ಸವರಿ, "ಅಯ್ಯೋ ಬಂದ್ಯಾ ನನ್ನವ್ವಾ! ಮೂಗು ನೋಡ್ರೇ, ಪಿಕೆಟ್ ಮೂಗು, ಒಂದು ಚೂರೂ ಬದಲಾಗಿಲ್ಲ!" ಅಂತ ಅತ್ತುಬಿಟ್ಟರಂತೆ.

ಆಕೆ ಮಿಸ್ ಫೆರೆಬಿ ಅಂತ ನಿನಗೆ ಗೊತ್ತಾಗಿರಬೇಕು. ನನಗೆ ಗೊತ್ತಾಗಿರಲಿಲ್ಲ. ನಾನು ಗೇಟಿನಲ್ಲಿದ್ದೆ.

ಟ್ಯಾಕ್ಸಿ ಬಂತು. ಕಿತ್ತಳೆ ಬಣ್ಣದ ಕೋಟು, ದೊಡ್ಡ ಟೋಪಿ, ಅರವತ್ತರ ಹೆಂಗಸು. ಸಾವಿಗೆ ಯಾರು ಕಿತ್ತಳೆ ಕೋಟು ಹಾಕುತ್ತಾರೆ? ನಿಧಿಯವರೇ ಅಂತ ಓಡಿದೆ. "ಪ್ರಯಾಣ ಹೇಗಿತ್ತು ಮೇಡಂ?" ಅಂದೆ. "ಉದ್ದ ಆಯ್ತಮ್ಮ" ಅಂದರು. ಆಮೇಲೆ ನಾನು ಉಸಿರು ತೆಗೆದುಕೊಂಡ ನೆನಪಿಲ್ಲ. ಫೈಲ್ ತೆರೆದು, ಚರಂಡಿಯಿಂದ ಹಿಡಿದು ನೀರಿನ ಬಿಲ್ಲಿನವರೆಗೆ, ನಮ್ಮ ಗುರಿ, ನಮ್ಮ ಕಾರ್ಯತಂತ್ರ, ಎಲ್ಲ ಹೇಳಿದೆ. ನಕ್ಷೆ ತೋರಿಸಿದೆ. ಆಕೆ ತಾಳ್ಮೆಯಿಂದ ತಲೆಯಾಡಿಸಿದರು, ಒಂದೆರಡು ಸಲ "ಹೌದಾ, ಪಾಪ" ಅಂದರು. ಕೊನೆಗೆ ನನ್ನ ಭುಜ ಹಿಡಿದು, "ಭಾಳ ಒಳ್ಳೇ ಮಾತಮ್ಮ. ಇಷ್ಟೆಲ್ಲ ಕೇಳಿದ ಮೇಲಾದ್ರೂ ನಮ್ಮ ದೊಡ್ಡಪ್ಪನ ಮುಖ ನೋಡೋಕೆ ಬಿಡ್ತೀರಾ?" ಅಂದರು.

ಅಮ್ಮ, ಆ ಕ್ಷಣ ನೀನು ಹೊಳೆಯ ಮೇಲಿದ್ದದ್ದೇ ಒಳ್ಳೆಯದಾಯಿತು.

ಗ್ವೆಂಡೊಲಿನ್ ಅವರ ಕೈ ಹಿಡಿದು ಒಳಗೆ ಓಡಿದೆ. ಸರಿಯಾಗಿ ಅದೇ ಹೊತ್ತಿಗೆ ಮಿಸ್ ಫೆರೆಬಿ ಮೈಕಿನ ಮುಂದೆ ನಿಂತಿದ್ದರು! "ಮನೆಮಂದಿಯ ಎರಡು ಮಾತು, ಎರಡೇ ನಿಮಿಷ" ಅಂತ ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚು ಹಾಕಿಸಿರುತ್ತಾರಲ್ಲ, ಆ ಜಾಗಕ್ಕೆ ಅವರನ್ನು ಎಬ್ಬಿಸಿ ನಿಲ್ಲಿಸಿದ್ದರು. ಅವರು ಬೀಸಣಿಗೆ ಎರಡೂ ಕೈಯಲ್ಲಿ ಹಿಡಿದು, "ನಿಜ ಹೇಳ್ಬೇಕು ಅಂದ್ರೆ, ನಾನು ಇವರನ್ನ ನೋಡೇ ಇಲ್ಲ" ಅಂದರು.

"ಇರ್ಲಿ ಕಂದಾ, ನಿಧಾನಕ್ಕೆ!" ಅಂತು ಚರ್ಚು.

"ನಾನು ಅಟ್ಲಾಂಟಾದವಳು. ಕೆಲಸದ ಮೇಲೆ ಬಂದೆ."

"ನೋಡಿ ಪಾಪ" ಅಂದರು ಮಿಸ್ ಥಿಯೋಲಾ ದೊಡ್ಡ ದನಿಯಲ್ಲಿ, "ದುಃಖಕ್ಕೆ ಊರೇ ಮರೆತುಹೋಗಿದೆ!"

"ಹೇಳು ಮಗಳೇ! ಹೇಳು!"

ಮಿಸ್ ಫೆರೆಬಿ ಸೋತರು. ತಮ್ಮ ಸ್ವಂತ ಅಜ್ಜನ ಮಾತು ತೆಗೆದರು. ಅವರನ್ನು ಸಾಕಿದ್ದು ಆ ಅಜ್ಜನಂತೆ. ಅಜ್ಜನ ಮಣ್ಣಿನ ದಿನ ಇವರಿಗೆ ಯಾವುದೋ ಮುಖ್ಯವಾದ ಮೀಟಿಂಗು, ಹೋಗಲಿಲ್ಲವಂತೆ. "ಅವತ್ತು ಕೂರಬೇಕಾದ ಜಾಗದಲ್ಲಿ ಇವತ್ತು ನೀವು ಕೂರಿಸಿದ್ರಿ. ಯಾರು, ಏನು ಅಂತ ಒಬ್ಬರೂ ಕೇಳ್ಲಿಲ್ಲ" ಅಂದರು. ಎರಡು ನಿಮಿಷ ಎಂದೋ ಮುಗಿದಿತ್ತು. ಅಜ್ಜಿಯ ಗವಸು ಮೇಲೇಳಲಿಲ್ಲ.

ಹಾಲ್‌ನಲ್ಲಿ ಊಟಕ್ಕೆ ಕೂತಾಗ ಎಲ್ಲ ಬಯಲಾಯಿತು. ಗ್ವೆಂಡೊಲಿನ್ ಎದ್ದು ನಿಂತು, "ಮಿಸಿಸಿಪಿಯಲ್ಲಿ ಹೆಣ ನೋಡೋಕೆ ಮುಂಚೆ ಭಾಷಣ ಕೇಳ್ಬೇಕು ಅಂತ ಹೊಸ ಕಾನೂನು ಬಂದಿದೆ ಅಂದ್ಕೊಂಡೆ" ಅಂದಾಗ ಕ್ಲೀಟಸ್ ಬಾಯಿಂದ ಸಿಹಿ ಚಹಾ ಚಿಮ್ಮಿತು. ಮಿಸ್ ಥಿಯೋಲಾ ಇಬ್ಬರ ಕೈಯನ್ನೂ ಬಿಡಲಿಲ್ಲ. "ಎರಡೂ ಇರ್ಲಿ ನನಗೆ. ಒಂದು ಶಿಕಾಗೋ, ಒಂದು ಅಟ್ಲಾಂಟಾ. ಆದ್ರೂ ಆ ಮೂಗು ನಮ್ದೇ."

ನಾನು ಫೈಲ್ ತೆಗೆದುಕೊಂಡು ಮಿಸ್ ಫೆರೆಬಿ ಹತ್ತಿರ ಹೋಗಿ ಹತ್ತು ಸಲ ಸಾರಿ ಕೇಳಿದೆ. ಅವರು ಮೀಟಿಂಗ್ ಎಷ್ಟು ಹೊತ್ತಿಗೆ ಅಂತ ಕೇಳಿದರು. ಅಜ್ಜಿ ಮಧ್ಯೆ ಬಂದು, "ಇದೇ ಮೀಟಿಂಗು. ಸಾಸಿವೆ ಸೊಪ್ಪು ಹಾಕ್ಲಾ?" ಅಂದಳು.

ಮುಂದಿನದು ನಿನಗೆ ಹೊಸದಲ್ಲ. ನನಗೆ ಹೊಸದು. ಇಲ್ಲಿ ಯಾರು ಸತ್ತಾಗಲೂ ನಾನು ಊರಲ್ಲಿರಲಿಲ್ಲವಲ್ಲ. ಕೋಳಿ, ಮೀನು ಎಲ್ಲ ಮುಗಿದು ಕೇಕ್ ಬಂದಾಗ ಮಿಸ್ ಥಿಯೋಲಾ ಚಮಚದಿಂದ ಲೋಟ ತಟ್ಟಿ, "ನಮ್ಮಣ್ಣ ಒಥಾ ಏನೇನು ಬಿಟ್ಟುಹೋದ?" ಅಂತ ಕೇಳಿದರು. ಮನೆ, ಕಾರು ಇರಬೇಕು ಅಂದುಕೊಂಡೆ. ಅಲ್ಲ. ಅವರು ಬೀದಿಗೆ ಮಾಡುತ್ತಿದ್ದ ಕೆಲಸ. ಒಂದೊಂದನ್ನೇ ಯಾರಾದರೂ ಕೂಗಿ ಹೇಳುವುದು, ಯಾರಾದರೂ ಎದ್ದು ನಿಂತು ತೆಗೆದುಕೊಳ್ಳುವುದು. ಸತ್ತವರ ಕೆಲಸ ಊಟದ ಮೇಜಿನಿಂದ ಅನಾಥವಾಗಿ ಏಳಬಾರದು ಅಂತ ಅಜ್ಜಿ ನನ್ನ ಕಿವಿಯಲ್ಲಿ ಹೇಳಿದಳು.

"ಡಯಾಲಿಸಿಸ್‌ಗೆ ಹೋಗೋರ ವ್ಯಾನು!"

"ನಾನು ಓಡಿಸ್ತೀನಿ" ಅಂದರು ಕ್ಲೀಟಸ್. "ಒಂದೇ ಮಾತು, ರೇಡಿಯೋ ನನ್ನಿಷ್ಟದ್ದು."

"ಮಳೆಗೆ ಮುಂಚೆ ಚರಂಡಿ ನೋಡೋದು!" ಶಾಲೆಯ ಬಸ್ ಓಡಿಸುವ ಅಕ್ಕತಂಗಿಯರಿಬ್ಬರು ಒಟ್ಟಿಗೆ ಎದ್ದರು.

"ಸಿಟಿ ಕೌನ್ಸಿಲ್‌ಗೆ ಹೋಗಿ ಚರಂಡಿ ಯಾವಾಗ ರಿಪೇರಿ ಅಂತ ಕೇಳೋದು!" ಇದಕ್ಕೆ ಸ್ವಲ್ಪ ಹಿಂಜರಿದರು. ಮಿಸ್ ಥಿಯೋಲಾ ಕೂತಲ್ಲೇ ಕೈ ಎತ್ತಿದರು. "ನಾನು ಕೇಳ್ತೀನಿ. ಮೇಯರ್ ಮುಖ ನನಗೆ ಕಾಣೋದಿಲ್ಲ, ಹಾಗಾಗಿ ಹೆದರಿಕೆನೂ ಇಲ್ಲ."

ಎಲ್ಲರೂ ನಗುತ್ತಿದ್ದರು. ಆಮೇಲೆ ಒಬ್ಬರು, "ಬಾಗಿಲು ತಟ್ಟೋದು" ಅಂದರು.

ಯಾರೂ ಏಳಲಿಲ್ಲ ಅಮ್ಮ. ಮನೆಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಯಾರಿಗೆ ಏನಾಗಿದೆ, ಯಾರಿಗೆ ಯಾರ ಮೇಲೆ ಸಿಟ್ಟಿದೆ, ಯಾರ ಮನೆಗೆ ನೀರು ನುಗ್ಗಿದೆ ಅಂತ ಕೇಳಿ, ಮುನಿಸಿಕೊಂಡವರನ್ನೂ ಹಾಲ್‌ಗೆ ಎಳೆದು ತರುವ ಕೆಲಸ. ಅದಿಲ್ಲದೆ ಮಿಕ್ಕಿದ್ದೆಲ್ಲ ಎರಡು ತಿಂಗಳೂ ನಡೆಯದು ಅಂತ ಎಲ್ಲರಿಗೂ ಗೊತ್ತು. ಹೊಟ್ಟೆಪಾಡಿನ ದುಡಿಮೆ ಬಿಟ್ಟು ದಿನವಿಡೀ ಅದಕ್ಕೆ ಯಾರು ಬರುತ್ತಾರೆ?

ಕ್ಲೀಟಸ್ ಮೆಲ್ಲಗೆ ಹೇಳಿದರು. "ಅದು ಡೀಕನ್ನರ ಕೆಲಸ ಅಲ್ಲವೇ ಅಲ್ಲ. ಇವಳಮ್ಮ ಲಟ್ರೀಸ್‌ದು. ಕೂದಲು ಕತ್ತರಿಸ್ಕೊಳ್ಳೋಕೆ ಬಂದಾಗೆಲ್ಲ ಹೇಳೋರು, 'ಇದು ನಂದಲ್ಲಪ್ಪ, ಹೊಳೆಯಿಂದ ಆ ಹುಡುಗಿ ಬರೋವರೆಗೆ ಹಿಡ್ಕೊಂಡಿದ್ದೀನಿ ಅಷ್ಟೆ' ಅಂತ."

ನೀನು ಹೋದ ಮೇಲೆ ನಿನ್ನ ಕೆಲಸವನ್ನು ಅವರು ನಿನ್ನ ಹೆಸರಿನಲ್ಲೇ ಮಾಡುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ. ನಿನಗೆ ಗೊತ್ತಿತ್ತಾ?

ಮೇಲೆ, ಯಾರೋ ನಿನ್ನ ಹೆಸರು ಹೇಳಿದರು ಅಂತ ಬರೆದೆನಲ್ಲ, ಅದು ನಾನು. ಯಾರೂ ಕೇಳಿರಲಿಲ್ಲ. ಎದ್ದು ನಿಂತು, ಅದೇ ಟಿವಿ ವಾರ್ತೆಯ ದನಿಯಲ್ಲಿ, "ಹಾಗಿದ್ದರೆ ಅಮ್ಮನನ್ನೇ ಕೇಳೋಣ" ಅಂದೆ. "ಕೇಳಿ, ಕೇಳಿ!" ಅಂದರು ಎಲ್ಲರೂ. ನಾನು ಅಜ್ಜಿಯ ಕೈ ನೋಡಿದೆ. ಅಂಗೈ ಎದೆಯ ಮೇಲೆ ಚಪ್ಪಟೆಯಾಗಿ ಇಟ್ಟಿದ್ದಳು. "ಈ ಜಾಗ ಒಬ್ಬರಿಗೆ ಹಿಡಿದಿಟ್ಟಿದೆ" ಅಂತ ಅವರ ಗವಸಿನ ಭಾಷೆಯಲ್ಲಿ ಅದಕ್ಕೆ ಅರ್ಥ. ನಾನು ನೋಡುತ್ತಿದ್ದೇನೆ ಅಂತ ಗೊತ್ತಾಗಿ ಸಟ್ಟನೆ ಇಳಿಸಿ ಲೋಟ ಎತ್ತಿಕೊಂಡಳು.

ಮಿಸ್ ಫೆರೆಬಿ ನನ್ನ ಫೈಲ್ ಕೇಳಿ ತೆಗೆದುಕೊಂಡರು. ಎರಡು ಹಾಳೆ ಓದಿ, ಮುಚ್ಚಿ, ಅದರ ಮೇಲೆ ತಮ್ಮ ಕೇಕಿನ ತಟ್ಟೆ ಇಟ್ಟುಕೊಂಡು, "ನೋಡಿದ್ದನ್ನೇ ಬರ್ಕೊಳ್ತೀನಿ, ಅಡ್ಡಿಯಿಲ್ಲ ತಾನೇ?" ಅಂತ ಅಜ್ಜಿಯನ್ನು ಕೇಳಿದರು. ಹೋಗುವಾಗ ಫಾಯಿಲ್ ಮುಚ್ಚಿದ ಮೂರು ತಟ್ಟೆ ಅವರ ಕಾರಿನಲ್ಲಿ ಕೂತಿದ್ದವು. ಮೊನ್ನೆ ಗುರುವಾರ ಫೋನ್ ಬಂತು. ನಿಧಿಯ ಸಭೆಯಲ್ಲಿ ಅವರು ಹೇಳಿದ್ದು ಇಷ್ಟಂತೆ: ಸಿಕಮೋರ್ ಬೀದಿಯವರಿಗೆ ನಾವು ಹೊಸದಾಗಿ ಏನೂ ಕಲಿಸಬೇಕಿಲ್ಲ, ಬಾಗಿಲು ತಟ್ಟುವವರಿಗೆ ಸಂಬಳ ಕೊಟ್ಟರೆ ಸಾಕು.

ಇನ್ನು ನಿನ್ನ ಮಾತು. ಸಂಬಳ ದೋಣಿಯಲ್ಲಿ ಸಿಗುವಷ್ಟಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೊಳೆ ನಿನಗೆ ಇಷ್ಟ ಅಂತಲೂ ಗೊತ್ತು. ನಿನ್ನ ಅಡುಗೆಮನೆಗೆ ಕ್ಯಾಪ್ಟನ್ ಕೂಡ ಬೂಟು ಒರೆಸಿಕೊಂಡು ಬರುತ್ತಾನಂತೆ. ಬೆಳಗಿನ ಬಿಸ್ಕತ್ತು ಬೇಯುವ ಹೊತ್ತಿಗೆ ನೀರಿನ ಮೇಲೆ ಮಂಜು ಏಳುವುದನ್ನು ನನ್ನ ಹಾಸ್ಟೆಲ್‌ಗೆ ಎಷ್ಟು ಸಲ ಬರೆದಿದ್ದೀಯ. ಅಜ್ಜಿ ನಿನ್ನನ್ನು ಕರೆಯಬೇಡ ಅನ್ನುವುದು ಸಿಟ್ಟಿನಿಂದಲ್ಲ. "ನನ್ನ ಮಗಳು ಜೀವಮಾನದಲ್ಲಿ ಒಂದೇ ಒಂದು, ಆ ಹೊಳೆನ, ತನಗಾಗಿ ಇಟ್ಕೊಂಡಿದ್ದಾಳೆ" ಅಂದಳು. ಅದಕ್ಕೇ ಬರಬೇಕೆನ್ನಿಸದಿದ್ದರೆ ಬೇಡ ಅಂತ ಬರಿ. ಬೇರೆ ಯಾರನ್ನಾದರೂ ಹುಡುಕುತ್ತೇವೆ, ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಬೇಡ. ನನ್ನ ಓದಿಗಾಗಿ ನೀನು ಹೊಳೆಗೆ ಹೋದೆ, ಈಗ ಕಾಲೇಜಿನ ಖರ್ಚು ಸ್ಕಾಲರ್‌ಶಿಪ್ಪಿನಲ್ಲಿ ನಡೆಯುತ್ತಿದೆ. ಊಟ ಸರಿಯಾಗಿ ಮಾಡುತ್ತಿದ್ದೇನೆ. ಹಾಸ್ಟೆಲ್ ಅಭ್ಯಾಸವಾಗಿದೆ. ಸಂಘದ ಸಲುವಾಗಿ ಕೇಳುತ್ತಿದ್ದೇನೆ ಅಷ್ಟೆ.

ನಿನ್ನ ಮಗಳು,
ಟಮೇರಾ

ತಾ.ಕ.: ದೋಣಿಗೆ ಟಪಾಲು ಕಳಿಸುವ ವಿಳಾಸ ಅಜ್ಜಿಯ ಹತ್ತಿರವೇ ಇರುವುದರಿಂದ ಕೊನೆಗೂ ಅವಳನ್ನೇ ಕೇಳಬೇಕಾಯಿತು. ಬೈಯುತ್ತಾಳೆ ಅಂದುಕೊಂಡೆ. ಏನೂ ಕೇಳದೆ ಲಕೋಟೆಯ ಮೇಲೆ ತಾನೇ ದಪ್ಪಕ್ಷರದಲ್ಲಿ ಬರೆದು, ಎರಡು ಸ್ಟ್ಯಾಂಪ್ ಹಚ್ಚಿದಳು. ಒಂದು ಸಾಕು ಅಜ್ಜಿ ಅಂದೆ. "ಸಾಲದೆ ವಾಪಸ್ ಬಂದ್ರೆ?" ಅಂದಳು.

ಆಮೇಲೆ ಪತ್ರ ಮತ್ತೆ ಓದಿದೆ. ಕೊನೆಯಲ್ಲಿ ಬರೆದದ್ದು ಸುಳ್ಳು ಅಮ್ಮ. ನನ್ನನ್ನೂ ಲೆಕ್ಕಕ್ಕೆ ತೆಗೆದುಕೋ. ಹನ್ನೊಂದು ತುಂಬಿದಾಗಿನಿಂದ ನಾನು ರಜೆಗೆ ಬಂದರೆ ನೀನು ಹೊಳೆಯ ಮೇಲೆ, ನೀನು ರಜೆಗೆ ಬಂದರೆ ನಾನು ಹಾಸ್ಟೆಲ್‌ನಲ್ಲಿ. ಈಗಿನ ಕಾಲೇಜು ದೂರವಿಲ್ಲ, ಶುಕ್ರವಾರ ಸಂಜೆ ಗ್ರೀನ್‌ವಿಲ್‌ಗೆ ಒಂದು ಬಸ್ಸಿದೆ. ಒಂದು ಶುಕ್ರವಾರ ಆ ಬಸ್ಸಿಳಿದು ಮನೆಯ ಬಾಗಿಲು ತಟ್ಟಿದಾಗ ಒಳಗಿನಿಂದ ನೀನು "ಯಾರದು?" ಅನ್ನುವುದನ್ನು ಕೇಳಬೇಕು ನನಗೆ. ಬೇಗ ಉತ್ತರ ಬರಿ.